ಕಾಡಿನ ಕೋರ್ಸಿಗೆ ಒಂದೇ ಕಂಟ್ರೋಲ್ ಡ್ರೈವರ್: ಟೀಬರ್ಡೋ, ಲೆಪರ್ಡೋ, ಥಂಡರ್‌ಬರ್ಡೋ?

ಪ್ರಶ್ನೆ: ಷಾರ್ಲಟ್ ಕನ್ನಡತಿ

ಎಲ್ಲರಿಗೂ ನಮಸ್ಕಾರ. ನಾನು ನಾರ್ತ್ ಕ್ಯಾರೊಲಿನಾದ ಷಾರ್ಲಟ್ ನಗರದಲ್ಲಿ ನೆಲೆಸಿರುವವಳು. ಬೆಂಗಳೂರಿನಲ್ಲಿದ್ದಾಗ ಅಲ್ಟಿಮೇಟ್ ಫ್ರಿಸ್ಬೀ (ಎರಡು ತಂಡಗಳು ಡಿಸ್ಕನ್ನು ಕೈಯಿಂದ ಕೈಗೆ ಎಸೆದಾಡುವ ಆಟ) ಆಡುತ್ತಿದ್ದೆ. ಇಲ್ಲಿ ರೀಡಿ ಕ್ರೀಕ್, ಹಾರ್ನೆಟ್ಸ್ ನೆಸ್ಟ್‌ನಂಥ ಒಳ್ಳೆಯ ಡಿಸ್ಕ್ ಗಾಲ್ಫ್ (ಡಿಸ್ಕ್ ಎಸೆದು, ಆದಷ್ಟು ಕಡಿಮೆ ಎಸೆತಗಳಲ್ಲಿ ಕಂಬದ ಬಾಸ್ಕೆಟ್ಟಿಗೆ ಹಾಕುವ ಆಟ) ಕೋರ್ಸುಗಳು ಕೈಗೆಟಕುವಷ್ಟು ಹತ್ತಿರ ಇರುವುದರಿಂದ ಬಿಡುವಿನ ವೇಳೆಯೆಲ್ಲ ಈಗ ಆ ಆಟಕ್ಕೇ ಮೀಸಲಾಗಿದೆ. ಒಂದು ಡಿಸ್ಕಿನ ಆಯ್ಕೆಯಲ್ಲಿ ಅನುಭವಸ್ಥರ ಸಲಹೆ ಬೇಕಾಗಿದೆ.

ನನ್ನ ಬ್ಯಾಗಿನಲ್ಲಿ ಸದ್ಯಕ್ಕೆ ಹತ್ತಿರದ ಎಸೆತಕ್ಕೆ ಎರಡು ಪಟರ್, ಮಧ್ಯಮ ದೂರಕ್ಕೆಂದು ಡಿಸ್ಕ್‌ಕ್ರಾಫ್ಟ್ ಕಂಪನಿಯ ಒಂದು ಬಝ್ ಮತ್ತು ದೂರಕ್ಕೆಂದು ಕೊಂಡ ಇನ್ನೋವಾ ಕಂಪನಿಯ ಒಂದು ಡೆಸ್ಟ್ರಾಯರ್ ಇವೆ. ಬಲಗೈ ಬ್ಯಾಕ್‌ಹ್ಯಾಂಡಿನಲ್ಲಿ ಬಝ್ ಸುಮಾರು 210 ಅಡಿ ನಂಬಿಕೆಯಿಂದ ಹೋಗುತ್ತದೆ. ಡೆಸ್ಟ್ರಾಯರ್ ಅದಕ್ಕಿಂತ ಹೆಚ್ಚೇನೂ ದೂರ ಹೋಗದೆ ಎಡಕ್ಕೆ ಬಾಗಿ ಬೇಗನೆ ನೆಲ ಹಿಡಿಯುತ್ತದೆ. ಇಲ್ಲಿನ ಅನೇಕ ಹೋಲ್‌ಗಳು (ಎಸೆಯುವ ಜಾಗದಿಂದ ಬಾಸ್ಕೆಟ್ಟಿನವರೆಗಿನ ದಾರಿಗಳು) 230ರಿಂದ 280 ಅಡಿ ಉದ್ದದವು. ಎರಡೂ ಬದಿಗೆ ಪೈನ್ ಮರಗಳು ಒತ್ತಾಗಿ ನಿಂತಿರುತ್ತವೆ, ನಡುವೆ ಒಂದು ಕಿರಿದಾದ ಓಣಿ ಮಾತ್ರ ಬಿಟ್ಟಿರುತ್ತದೆ. ಬಝ್ ಅಷ್ಟು ದೂರ ಮುಟ್ಟುವುದಿಲ್ಲ, ಡೆಸ್ಟ್ರಾಯರ್ ಆ ಓಣಿಯಲ್ಲಿ ನಿಲ್ಲುವುದಿಲ್ಲ.

ಇನ್ನೊಂದು ವಿಷಯವನ್ನೂ ಹೇಳಬೇಕು. ಅಲ್ಟಿಮೇಟ್ ಆಡಿ ಪಳಗಿದ ಕೈಯಾದ್ದರಿಂದ ನನ್ನ ಫೋರ್‌ಹ್ಯಾಂಡ್ ಬ್ಯಾಕ್‌ಹ್ಯಾಂಡಿಗಿಂತ ಬಲವಾಗಿದೆ. ಆದರೆ ಬಝ್ ಅನ್ನು ಫೋರ್‌ಹ್ಯಾಂಡಿನಲ್ಲಿ ಜೋರಾಗಿ ಎಸೆದರೆ ಅದು ಎಡಕ್ಕೆ ಮಗುಚಿ, ನೆಲಕ್ಕೆ ಬಿದ್ದು, ಅಂಚಿನ ಮೇಲೆ ಉರುಳಿಕೊಂಡು ಹೋಗುತ್ತದೆ.

ಬ್ಯಾಗಿಗೆ ಒಂದೇ ಒಂದು ಕಂಟ್ರೋಲ್ ಡ್ರೈವರ್ (ಅತಿ ದೂರಕ್ಕಿಂತ ಹಿಡಿತಕ್ಕೆ ಒತ್ತು ಕೊಡುವ ಡಿಸ್ಕ್) ಸೇರಿಸಿ, ಅದನ್ನೇ ಈ ವರ್ಷವಿಡೀ ಎಸೆದು ಕಲಿಯಬೇಕೆಂಬುದು ನನ್ನ ಆಸೆ. ಅಂಗಡಿಯಲ್ಲಿ ಕೇಳಿದಾಗ ಇನ್ನೋವಾದವರ ಮೂರು ಹೆಸರುಗಳು ಮುಂದೆ ಬಂದವು: ಟೀಬರ್ಡ್, ಲೆಪರ್ಡ್, ಥಂಡರ್‌ಬರ್ಡ್. ಮೂರರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು, ಯಾವ ಪ್ಲಾಸ್ಟಿಕ್, ಎಷ್ಟು ತೂಕ ಎಂಬುದನ್ನು ಕಾರಣಸಹಿತ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಪೀಡ್‌ಮಾಂಟ್ ವಾಸಿ

ನಮಸ್ಕಾರ. ನೀವು ಹೆಸರಿಸಿದ ಕೋರ್ಸುಗಳು ಡಿಸ್ಕ್ ಗಾಲ್ಫ್ ಲೋಕದಲ್ಲಿ ದೊಡ್ಡ ಮಾನವುಳ್ಳ ಊರಿಗೆ ಸೇರಿದವು. 2012ರ ವಿಶ್ವ ಚಾಂಪಿಯನ್‌ಷಿಪ್ ಷಾರ್ಲಟ್‌ನಲ್ಲೇ ನಡೆಯಿತು, ಪಾಲ್ ಮೆಕ್‌ಬೆತ್ ತಮ್ಮ ಮೊದಲ ವಿಶ್ವ ಪ್ರಶಸ್ತಿಯನ್ನು ಗೆದ್ದದ್ದೂ ಅಲ್ಲಿಯೇ. ಅಂಥ ಕಾಡಿನಲ್ಲಿ ಡಿಸ್ಕ್ ಎಷ್ಟು ದೂರ ಹೋಯಿತು ಎಂಬುದಕ್ಕಿಂತ ಎಷ್ಟು ಹೊತ್ತು ಓಣಿಯೊಳಗೆ ಉಳಿಯಿತು ಎಂಬುದು ಮುಖ್ಯ. ಆದ್ದರಿಂದ ನಾನು ಕಂಟ್ರೋಲ್ ಡ್ರೈವರ್ ಆರಿಸುವಾಗ ಒಳ್ಳೆಯ ಎಸೆತದಲ್ಲಿ ಅದು ಹೇಗೆ ಹಾರುತ್ತದೆ ಎಂದು ನೋಡುವುದಿಲ್ಲ, ಏಕೆಂದರೆ ಒಳ್ಳೆಯ ಎಸೆತದಲ್ಲಿ ಎಲ್ಲ ಡಿಸ್ಕುಗಳೂ ಚೆನ್ನಾಗಿಯೇ ಹಾರುತ್ತವೆ. ಕೈ ಸ್ವಲ್ಪ ತಪ್ಪಿದ ದಿನ ಅದು ಯಾವ ಕಡೆಗೆ, ಎಷ್ಟು ದೂರ ತಪ್ಪುತ್ತದೆ ಎಂಬುದನ್ನು ನೋಡುತ್ತೇನೆ.

ಲೆಕ್ಕವನ್ನೇ ಮಾಡಿ ನೋಡಿ. ಎಸೆಯುವ ಜಾಗವಾದ ಟೀಯಿಂದ 60 ಅಡಿ ಮುಂದೆ ಮರಗಳ ಸಂದು ಇದೆಯೆಂದುಕೊಳ್ಳೋಣ. ಎಸೆತ 3 ಡಿಗ್ರಿಯಷ್ಟು ತಪ್ಪಿದರೆ ಆ ಸಂದಿನ ಬಳಿ ಡಿಸ್ಕ್ ಸುಮಾರು 3 ಅಡಿ ಪಕ್ಕಕ್ಕೆ ಸರಿದಿರುತ್ತದೆ. 250 ಅಡಿ ಮುಟ್ಟುವಷ್ಟರಲ್ಲಿ 13 ಅಡಿ. ಇದು ಡಿಸ್ಕ್ ನೇರ ರೇಖೆಯಲ್ಲಿ ಹೋದರೆ ಬರುವ ಲೆಕ್ಕ. ಹೆಚ್ಚು ಬಾಗುವ ಡಿಸ್ಕ್ ಆಗಿದ್ದರೆ ಈ ತಪ್ಪಿನ ಮೇಲೆ ಅದರದೇ ಬಾಗುವಿಕೆಯೂ ಸೇರಿಕೊಳ್ಳುತ್ತದೆ.

ಈಗ ಮೂರು ಡಿಸ್ಕುಗಳ ಅಂಕಿಗಳಿಗೆ ಬರೋಣ. ಇನ್ನೋವಾದವರು ಸ್ಪೀಡ್, ಗ್ಲೈಡ್ (ಗಾಳಿಯಲ್ಲಿ ತೇಲುವ ಗುಣ), ಟರ್ನ್ (ವೇಗವಿದ್ದಾಗಿನ ವಾಲಿಕೆ), ಫೇಡ್ (ವೇಗ ಇಳಿದಾಗಿನ ವಾಲಿಕೆ) ಎಂಬ ನಾಲ್ಕು ಅಂಕಿಗಳನ್ನು ಇದೇ ಕ್ರಮದಲ್ಲಿ ಕೊಡುತ್ತಾರೆ. ಟೀಬರ್ಡ್‌ಗೆ 7, 5, 0, 2. ಲೆಪರ್ಡ್‌ಗೆ 6, 5, -2, 1. ಥಂಡರ್‌ಬರ್ಡ್‌ಗೆ 9, 5, 0, 2. ನಿಮ್ಮ ಡೆಸ್ಟ್ರಾಯರ್‌ಗೆ 12, 5, -1, 3. ಸ್ಪೀಡ್ ಎಂಬ ಅಂಕಿ ಬಹುಮಟ್ಟಿಗೆ ರಿಮ್ಮಿನ ಅಗಲವನ್ನು ಅವಲಂಬಿಸಿದೆ; ಟೀಬರ್ಡಿನ ರಿಮ್ ಸುಮಾರು 1.7 ಸೆಂಟಿಮೀಟರ್ ಇದ್ದರೆ ಡೆಸ್ಟ್ರಾಯರಿನದು ಸುಮಾರು 2.2. ಆ ಅಂಕಿ ಡಿಸ್ಕ್ ತನ್ನಷ್ಟಕ್ಕೆ ಎಷ್ಟು ವೇಗವಾಗಿ ಹೋಗುತ್ತದೆ ಎಂಬುದನ್ನು ಹೇಳುವುದಿಲ್ಲ. ಉಳಿದ ಮೂರು ಅಂಕಿಗಳು ನಿಜವಾಗಬೇಕಾದರೆ ನಿಮ್ಮ ಕೈ ಅದಕ್ಕೆ ಎಷ್ಟು ವೇಗ ಕೊಡಬೇಕು ಎಂಬುದನ್ನು ಹೇಳುತ್ತದೆ. ಡೆಸ್ಟ್ರಾಯರ್ ಕೇಳುವಷ್ಟು ವೇಗ ನಿಮ್ಮ ಕೈಯಿಂದ ಇನ್ನೂ ಸಿಗುತ್ತಿಲ್ಲ. ಹಾಗಾಗಿ ಅದರ ಟರ್ನ್ ಕಾಣಿಸಿಕೊಳ್ಳುವುದೇ ಇಲ್ಲ, ಫೇಡ್ ಮಾತ್ರ ಉಳಿಯುತ್ತದೆ.

ಇದರ ಹಿಂದಿನ ಭೌತಶಾಸ್ತ್ರ ತಿಳಿದಿದ್ದರೆ ಅಂಗಡಿಯಲ್ಲಿ ಯಾರೂ ನಿಮ್ಮನ್ನು ದಾರಿ ತಪ್ಪಿಸಲಾರರು. ಡಿಸ್ಕ್ ವೇಗವಾಗಿ, ಗಾಳಿಗೆ ಸಮತಟ್ಟಾಗಿ ಹೋಗುತ್ತಿರುವಾಗ ಗಾಳಿ ಅದನ್ನು ಎತ್ತುವ ಬಿಂದು ಡಿಸ್ಕಿನ ನಡುಬಿಂದುವಿಗಿಂತ ಸ್ವಲ್ಪ ಹಿಂದಿರುತ್ತದೆ. ವೇಗ ಇಳಿದು ಡಿಸ್ಕ್ ಕೆಳಗೆ ಜಾರತೊಡಗಿದಾಗ ಆ ಬಿಂದು ಮುಂದಕ್ಕೆ ಸರಿಯುತ್ತದೆ. ಡಿಸ್ಕ್ ತಿರುಗದೆ ಇದ್ದಿದ್ದರೆ ಅದು ಮೊದಲು ಮೂಗು (ಮುಂದಿನ ಅಂಚು) ತಗ್ಗಿಸಿ ಆಮೇಲೆ ಮೂಗು ಎತ್ತುತ್ತಿತ್ತು. ಆದರೆ ತಿರುಗುವ ವಸ್ತುವಿನ ಮೇಲೆ ಹಿಂದುಮುಂದಾಗಿ ಬಿದ್ದ ಒತ್ತಡ ಪಕ್ಕದ ವಾಲಿಕೆಯಾಗಿ ಹೊರಬರುತ್ತದೆ. ಬಲಗೈ ಬ್ಯಾಕ್‌ಹ್ಯಾಂಡಿನಲ್ಲಿ ಡಿಸ್ಕ್ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುವುದರಿಂದ ವೇಗವಿದ್ದಾಗ ಬಲಕ್ಕೆ, ವೇಗ ಇಳಿದಾಗ ಎಡಕ್ಕೆ ವಾಲುತ್ತದೆ. ಬಲಗೈ ಫೋರ್‌ಹ್ಯಾಂಡಿನಲ್ಲಿ ಎಲ್ಲವೂ ಅದಲುಬದಲು. ಟರ್ನ್ ಎಂಬ ಅಂಕಿ ಮೊದಲ ವಾಲಿಕೆಯನ್ನೂ ಫೇಡ್ ಎಂಬ ಅಂಕಿ ಎರಡನೆಯದನ್ನೂ ಸೂಚಿಸುತ್ತದೆ. ನಿಮ್ಮ ಬಝ್ ಫೋರ್‌ಹ್ಯಾಂಡಿನಲ್ಲಿ ಎಡಕ್ಕೆ ಮಗುಚುವುದು ಈ ಮೊದಲ ವಾಲಿಕೆ ಅತಿಯಾದದ್ದರಿಂದ.

ಇಲ್ಲಿ ನಿಮ್ಮ ಅಲ್ಟಿಮೇಟ್ ಹಿನ್ನೆಲೆ ಬಹಳ ಮುಖ್ಯವಾಗುತ್ತದೆ. ಅಲ್ಟಿಮೇಟಿನ 175 ಗ್ರಾಂ ಡಿಸ್ಕ್ ಅಗಲವಾದದ್ದು, ಅಂಚು ಮೊಂಡಾದದ್ದು. ಅದನ್ನು ಫೋರ್‌ಹ್ಯಾಂಡಿನಲ್ಲಿ ದೂರ ಎಸೆಯುವವರು ಹೊರ ಅಂಚನ್ನು ಚೆನ್ನಾಗಿ ಕೆಳಗೆ ಬಾಗಿಸಿ, ಮಣಿಕಟ್ಟನ್ನು ಜೋರಾಗಿ ಚಿಮ್ಮಿಸಿ ಬಿಡುತ್ತಾರೆ. ಅದೇ ಚಿಮ್ಮುವಿಕೆಯನ್ನು ಚೂಪು ಅಂಚಿನ ಚಿಕ್ಕ ಡಿಸ್ಕಿಗೆ ಕೊಟ್ಟಾಗ, ಬಿಡುವ ಕ್ಷಣದಲ್ಲಿ ಮಣಿಕಟ್ಟು ಕಿಂಚಿತ್ತು ಹೊರಳಿದರೂ ಡಿಸ್ಕ್ ಅದುರಿಕೊಂಡು ಹೊರಡುತ್ತದೆ. ಹಾಗೆ ಅದುರುವಾಗ ಟರ್ನ್ -2 ಇರುವ ಡಿಸ್ಕ್ ಮಗುಚಿಯೇ ಬಿಡುತ್ತದೆ. ಟರ್ನ್ 0 ಇರುವ ಡಿಸ್ಕ್ ಅದನ್ನು ತಡೆದುಕೊಂಡು ಸಮವಾಗಿ, ಕೊನೆಗೆ ಬಲಕ್ಕೆ ಮೆಲ್ಲನೆ ಇಳಿಯುತ್ತದೆ.

ಆದ್ದರಿಂದ ನನ್ನ ಉತ್ತರ ಟೀಬರ್ಡ್. ಅದು 1999ರಿಂದ ಬಳಕೆಯಲ್ಲಿದೆ. ಆಮೇಲೆ ಎಷ್ಟೋ ಹೊಸ ಡಿಸ್ಕುಗಳು ಬಂದರೂ ಫೇರ್‌ವೇ ಡ್ರೈವರ್ (ಕಂಟ್ರೋಲ್ ಡ್ರೈವರಿನ ಇನ್ನೊಂದು ಹೆಸರು) ಎಂದೊಡನೆ ಆಟಗಾರರು ಇಂದಿಗೂ ಇದರೊಂದಿಗೇ ಬೇರೆಯವನ್ನು ಹೋಲಿಸುತ್ತಾರೆ. ಹನ್ನೆರಡು ಬಾರಿ ವಿಶ್ವ ಚಾಂಪಿಯನ್ ಆದ ಕೆನ್ ಕ್ಲೈಮೋ ಅವರ ಹೆಸರಿನ ಮುದ್ರೆಯೊಂದಿಗೂ ಇದು ಬಂದಿತ್ತು. ನನಗೆ ಇದು ಪ್ರಿಯವಾದದ್ದು ಒಂದೇ ಕಾರಣಕ್ಕೆ: ಇದು ತಪ್ಪುವುದಾದರೆ ಯಾವಾಗಲೂ ಒಂದೇ ಕಡೆಗೆ ತಪ್ಪುತ್ತದೆ. ಬ್ಯಾಕ್‌ಹ್ಯಾಂಡಿನಲ್ಲಿ ಕೈ ಸೋತರೆ ಬಾಸ್ಕೆಟ್ಟಿನಿಂದ ಎಡಕ್ಕೆ ಸ್ವಲ್ಪ ಮುಂಚೆ ಇಳಿಯುತ್ತದೆ, ಅಷ್ಟೆ. ಯಾವ ಕಡೆಗೆ ತಪ್ಪುತ್ತದೆಂದು ಮೊದಲೇ ಗೊತ್ತಿದ್ದರೆ ಟೀ ಮೇಲೆ ನಿಲ್ಲುವ ಜಾಗವನ್ನೇ ಅದಕ್ಕೆ ತಕ್ಕಂತೆ ಆರಿಸಿಕೊಳ್ಳಬಹುದು.

ಥಂಡರ್‌ಬರ್ಡ್ ಅದೇ ಗುಣದ, ಇನ್ನೂ ವೇಗ ಬೇಡುವ ಡಿಸ್ಕ್. ಬ್ಯಾಕ್‌ಹ್ಯಾಂಡ್ 300 ಅಡಿ ದಾಟಿದ ಮೇಲೆ ಅದರ ಮಾತು.

ಉತ್ತರ: ಹ್ಯೂರನ್ ದಡದವನು

ಪೀಡ್‌ಮಾಂಟ್ ವಾಸಿಯವರ ವಿವರಣೆ ಚೆನ್ನಾಗಿದೆ, ಆದರೆ ತೀರ್ಮಾನಕ್ಕೆ ನನ್ನ ಸಮ್ಮತಿಯಿಲ್ಲ. ನಾನು ಮಿಷಿಗನ್‌ನ ಆನ್ ಆರ್ಬರ್ ಬಳಿಯ ಹಡ್ಸನ್ ಮಿಲ್ಸ್‌ನಲ್ಲಿ ಆಡುವವನು, ಹೊಸ ಆಟಗಾರರನ್ನು ಜೊತೆಗೆ ಕರೆದೊಯ್ಯುವುದು ನನಗೆ ರೂಢಿ. ಬ್ಯಾಕ್‌ಹ್ಯಾಂಡಿನಲ್ಲಿ ಬಝ್ ಅನ್ನು 210 ಅಡಿ ಎಸೆಯುವವರ ಕೈಯಲ್ಲಿ ಹೊಸ ಟೀಬರ್ಡ್ ನೇರವಾಗಿ ಹಾರುವುದಿಲ್ಲ. ಡೆಸ್ಟ್ರಾಯರ್ ಬಗ್ಗೆ ಅವರು ಹೇಳಿದ ಮಾತೇ ಸ್ವಲ್ಪ ಕಡಿಮೆ ಪ್ರಮಾಣದಲ್ಲಿ ಟೀಬರ್ಡಿಗೂ ಅನ್ವಯಿಸುತ್ತದೆ. 0 ಎಂಬ ಟರ್ನ್ ಸರಿಯಾದ ವೇಗ ಕೊಟ್ಟಾಗಿನ 0. ವೇಗ ಸಾಲದಿದ್ದರೆ ಡಿಸ್ಕ್ ಹೊರಟ ಸ್ವಲ್ಪ ಹೊತ್ತಿಗೇ ಎಡಕ್ಕೆ ವಾಲುತ್ತದೆ.

ನನ್ನ ಆಕ್ಷೇಪಕ್ಕೆ ದೂರಕ್ಕಿಂತ ದೊಡ್ಡ ಕಾರಣ ಕಲಿಕೆಯದು. ಓವರ್‌ಸ್ಟೇಬಲ್ ಆಗಿ, ಅಂದರೆ ಟರ್ನ್ ತೋರದೆ ಫೇಡ್ ಕಡೆಗೇ ಬಾಗುತ್ತ, ವರ್ತಿಸುವ ಡಿಸ್ಕ್ ನಿಮ್ಮ ತಪ್ಪುಗಳನ್ನು ಮುಚ್ಚಿಡುತ್ತದೆ. ಡಿಸ್ಕಿನ ಮೂಗು ಮೇಲೆದ್ದು ಹೊರಟರೆ ಅದು ಏರಿ, ನಿಂತು, ಎಡಕ್ಕೆ ಜಾರುತ್ತದೆ. ಟೀಬರ್ಡ್ ಎಡಕ್ಕೇ ಇಳಿಯುವ ಡಿಸ್ಕ್ ಆದ್ದರಿಂದ ಎಸೆದವರಿಗೆ ಅದು ಸಹಜ ಫೇಡ್‌ನಂತೆ ತೋರುತ್ತದೆ, ಮೂಗು ಎದ್ದಿತ್ತೆಂಬುದು ತಿಳಿಯುವುದೇ ಇಲ್ಲ. ಅಲ್ಟಿಮೇಟ್‌ನಿಂದ ಬಂದವರಲ್ಲಿ ಈ ಮೂಗೆತ್ತುವ ಅಭ್ಯಾಸ ಬಹಳ ಸಾಮಾನ್ಯ, ಏಕೆಂದರೆ ಅಲ್ಲಿ ಓಡಿ ಬರುವ ಜೊತೆಗಾರರಿಗಾಗಿ ಡಿಸ್ಕನ್ನು ಗಾಳಿಯಲ್ಲಿ ತೇಲಿಸಿ ನಿಲ್ಲಿಸಬೇಕಾಗುತ್ತದೆ. ಲೆಪರ್ಡ್ ಅಂಥ ತಪ್ಪನ್ನು ಕೂಡಲೇ ಬೇರ್ಪಡಿಸಿ ತೋರಿಸುತ್ತದೆ. ಸರಿಯಾಗಿ ಎಸೆದರೆ ಬಲಕ್ಕೆ ಸ್ವಲ್ಪ ಸರಿದು ಮರಳುತ್ತದೆ. ಮೂಗೆದ್ದರೆ ಆ ಬಲದ ಸರಿಯುವಿಕೆಯೇ ಇರುವುದಿಲ್ಲ.

ಕಾಡಿನ ಓಣಿಗೆ ಲೆಪರ್ಡ್ ಕೊಡುವ ಒಂದು ಎಸೆತವನ್ನು ಟೀಬರ್ಡ್ ನಿಮ್ಮ ವೇಗಕ್ಕೆ ಕೊಡಲಾರದು. ಹೊರ ಅಂಚನ್ನು ಸ್ವಲ್ಪ ಕೆಳಗೆ ಬಾಗಿಸಿ ಹೈಜರ್ ಕೋನದಲ್ಲಿ ಬಿಟ್ಟರೆ ಡಿಸ್ಕ್ ಹಾರುತ್ತ ಹಾರುತ್ತ ತಾನೇ ಮೇಲೆದ್ದು ಸಮತಟ್ಟಾಗಿ, ಬಹಳ ದೂರ ನೇರವಾಗಿ ಸಾಗುತ್ತದೆ. ಕಿರಿದಾದ ಓಣಿಯಲ್ಲಿ ಇದಕ್ಕಿಂತ ಸುಂದರವಾದ ಎಸೆತವನ್ನು ನಾನು ಕಂಡಿಲ್ಲ. ಇನ್ನೋವಾದ ಡಿಎಕ್ಸ್ ಪ್ಲಾಸ್ಟಿಕ್ಕಿನ ಲೆಪರ್ಡ್ ಅಗ್ಗವೂ ಹೌದು, ಕೈಗೆ ಚೆನ್ನಾಗಿ ಹಿಡಿತವೂ ಸಿಗುತ್ತದೆ. ಮರಗಳಿಗೆ ಬಡಿದು ಬೇಗ ಸವೆಯುತ್ತದೆಂಬ ದೂರು ಸರಿ. ಆದರೆ ಸವೆದಂತೆ ಅದು ಇನ್ನಷ್ಟು ಅಂಡರ್‌ಸ್ಟೇಬಲ್ ಆಗುವುದನ್ನು, ಅಂದರೆ ಅದರ ಟರ್ನ್ ಹೆಚ್ಚುವುದನ್ನು, ಕಣ್ಣಾರೆ ಕಾಣುವುದೂ ಒಂದು ಪಾಠವೇ.

ಫೋರ್‌ಹ್ಯಾಂಡಿಗೆ ಲೆಪರ್ಡ್ ಆಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಹಾಗಾದರೆ ಫೋರ್‌ಹ್ಯಾಂಡನ್ನು ಸದ್ಯಕ್ಕೆ ಆ ಡೆಸ್ಟ್ರಾಯರಿಗೆ ಬಿಡಿ. ಬಲವಾದ ಫೋರ್‌ಹ್ಯಾಂಡ್ ಅದನ್ನು ಹಾರಿಸಬಹುದು.

ಉತ್ತರ: ಪೀಡ್‌ಮಾಂಟ್ ವಾಸಿ

ಮೂಗಿನ ವಿಷಯದಲ್ಲಿ ಹ್ಯೂರನ್ ದಡದವರು ಹೇಳಿದ್ದು ನಿಜ, ಬ್ಯಾಕ್‌ಹ್ಯಾಂಡ್ ಕಲಿಯುವುದೊಂದೇ ಗುರಿಯಾಗಿದ್ದರೆ ನಾನೂ ಲೆಪರ್ಡ್ ಎಂದೇ ಹೇಳುತ್ತಿದ್ದೆ. ಆದರೆ ಪ್ರಶ್ನೆ ಕೇಳಿದವರು ಒಂದೇ ಡಿಸ್ಕನ್ನು ವರ್ಷವಿಡೀ ಎಸೆಯಬೇಕೆಂದಿದ್ದಾರೆ, ಅವರ ಬಲವಾದ ಕೈ ಫೋರ್‌ಹ್ಯಾಂಡ್. ಕಾಡಿನ ಕೋರ್ಸಿನಲ್ಲಿ ಅನೇಕ ಹೋಲ್‌ಗಳು ಬಲಕ್ಕೆ ತಿರುಗುತ್ತವೆ. ಅಲ್ಲಿ ಅವರು ಕೈಗೆತ್ತಿಕೊಳ್ಳುವುದು ಫೋರ್‌ಹ್ಯಾಂಡನ್ನೇ. ಅದನ್ನು ಡೆಸ್ಟ್ರಾಯರಿಗೆ ಬಿಟ್ಟರೆ ಅಗಲ ರಿಮ್ಮಿನ ಡಿಸ್ಕ್ ನೆಲಕ್ಕೆ ಬಿದ್ದು ಜಾರುತ್ತ ಪೊದೆಯೊಳಗೆ ಸೇರುತ್ತದೆ. ಅದು ಬಯಲಿನ ಡಿಸ್ಕ್.

ಟೀಬರ್ಡ್ ಅವರ ಬ್ಯಾಕ್‌ಹ್ಯಾಂಡಿಗೆ ಭಾರವಾಗುತ್ತದೆಂಬ ಚಿಂತೆಗೆ ತೂಕದಲ್ಲಿ ಪರಿಹಾರವಿದೆ. ಈ ಆಟದ ಆಡಳಿತ ಸಂಸ್ಥೆಯಾದ ಪಿಡಿಜಿಎ ನಿಯಮದಂತೆ ಡಿಸ್ಕಿನ ವ್ಯಾಸದ ಒಂದೊಂದು ಸೆಂಟಿಮೀಟರಿಗೆ ಗರಿಷ್ಠ 8.3 ಗ್ರಾಂ ಇರಬಹುದು. 21 ಸೆಂಟಿಮೀಟರಿಗಿಂತ ತುಸು ಹೆಚ್ಚು ವ್ಯಾಸವಿರುವ ಡ್ರೈವರುಗಳು ಹೀಗಾಗಿ 175 ಗ್ರಾಂ ಆಸುಪಾಸಿನಲ್ಲಿ ನಿಲ್ಲುತ್ತವೆ. ಎಲ್ಲರೂ ಆ ಗರಿಷ್ಠವನ್ನೇ ಕೊಳ್ಳಬೇಕೆಂಬ ನಿಯಮವೇನೂ ಇಲ್ಲ. ಅದೇ ಟೀಬರ್ಡ್ 165 ಗ್ರಾಂನಲ್ಲಿ ಸಿಕ್ಕರೆ ಕಡಿಮೆ ಶ್ರಮಕ್ಕೆ ವೇಗ ಪಡೆಯುತ್ತದೆ, ಬೇಗ ಸಮವಾಗುತ್ತದೆ. ಅದರ ಬೆಲೆ ತೆರಬೇಕಾದದ್ದು ಎದುರುಗಾಳಿಯಲ್ಲಿ. ಎದುರುಗಾಳಿ ಬೀಸಿದಾಗ ಡಿಸ್ಕಿನ ಪಾಲಿಗೆ ವೇಗ ಹೆಚ್ಚಿದಂತೆಯೇ ಆಗಿ ಟರ್ನ್ ಹೆಚ್ಚುತ್ತದೆ, ಹಗುರ ಡಿಸ್ಕ್ ಅದಕ್ಕೆ ಬೇಗ ಬಗ್ಗುತ್ತದೆ. ದಟ್ಟ ಮರಗಳ ನಡುವೆ ಗಾಳಿ ಬಯಲಿನಷ್ಟು ಕಾಡುವುದಿಲ್ಲವಾದ್ದರಿಂದ ಈ ಬೆಲೆ ನಿಮಗೆ ದುಬಾರಿಯಾಗದು.

ಉತ್ತರ: ಎಸ್ಪೋ ಕನ್ನಡಿಗ

ಫಿನ್ಲೆಂಡಿನಿಂದ ಬರೆಯುತ್ತಿದ್ದೇನೆ. ಇಲ್ಲಿ ಈ ಆಟ ಮನೆಮಾತು. ಹೆಚ್ಚಿನ ಕೋರ್ಸುಗಳು ಸಾರ್ವಜನಿಕ ಉದ್ಯಾನ ಮತ್ತು ಕಾಡುಗಳಲ್ಲಿವೆ, ಹಣ ಕೊಡದೆಯೇ ಆಡಬಹುದು. ಯಾವ ಹೆಸರಿನ ಡಿಸ್ಕ್ ಎಂಬ ಚರ್ಚೆ ಮೇಲೆ ಚೆನ್ನಾಗಿ ನಡೆದಿದೆ. ನಾನು ಹೇಳಬಯಸುವುದು ಒಂದೇ ಹೆಸರಿನ ಎರಡು ಡಿಸ್ಕುಗಳ ನಡುವಿನ ವ್ಯತ್ಯಾಸದ ಬಗ್ಗೆ. ಹೆಸರು ನೋಡಿ ಅಂತರ್ಜಾಲದಲ್ಲಿ ತರಿಸಿಕೊಳ್ಳುವವರು ಇದನ್ನು ಮರೆಯುತ್ತಾರೆ.

ಒಂದೇ ಅಚ್ಚಿನಿಂದ ಬಂದ ಡಿಸ್ಕುಗಳೂ ಒಂದೇ ರೀತಿ ಹಾರುವುದಿಲ್ಲ. ಅಚ್ಚಿನಲ್ಲಿ ಬಿಸಿ ಪ್ಲಾಸ್ಟಿಕ್ ಆರುವಾಗ ಪ್ಲಾಸ್ಟಿಕ್ಕಿನ ಬಗೆ, ಬಣ್ಣ, ಆರಿದ ವೇಗಗಳಿಗೆ ತಕ್ಕಂತೆ ಅದು ಸ್ವಲ್ಪ ಬೇರೆ ಬೇರೆಯಾಗಿ ಕುಗ್ಗುತ್ತದೆ. ಅಂಗಡಿಗೆ ಹೋಗಿ ನಾಲ್ಕೈದು ಟೀಬರ್ಡ್‌ಗಳನ್ನು ಸಮತಟ್ಟಾದ ಮೇಜಿನ ಮೇಲೆ ಸಾಲಾಗಿ ಇಡಿ. ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ನೋಡಿದರೆ ಕೆಲವುದರ ಬೆನ್ನು ಉಬ್ಬಿರುವುದೂ ಕೆಲವುದರದು ಚಪ್ಪಟೆಯಾಗಿರುವುದೂ ಕಾಣುತ್ತದೆ. ಉಬ್ಬಿದವು ಸಾಮಾನ್ಯವಾಗಿ ಹೆಚ್ಚು ಹೊತ್ತು ತೇಲುತ್ತವೆ. ಚಪ್ಪಟೆಯಾದವು ತೇಲುವುದು ಕಡಿಮೆ, ಆದರೆ ಫೋರ್‌ಹ್ಯಾಂಡಿನ ಹಿಡಿತಕ್ಕೆ ಹೆಚ್ಚು ಹೊಂದುತ್ತವೆ, ಹೆಬ್ಬೆರಳು ಬೆನ್ನ ಮೇಲೆ ಸರಿಯಾಗಿ ಕೂರುತ್ತದೆ. ಆಮೇಲೆ ರಿಮ್ಮಿನ ಹೊರ ಅಂಚಿನ ಮೇಲೆ ಹೆಬ್ಬೆರಳಿನ ಉಗುರನ್ನು ಮೇಲಿನಿಂದ ಕೆಳಕ್ಕೆ ಎಳೆಯಿರಿ. ಅಚ್ಚಿನ ಎರಡು ಭಾಗಗಳು ಕೂಡಿದ ಜಾಗದಲ್ಲಿ ಕೂದಲೆಳೆಯಷ್ಟು ಸಣ್ಣ ಏಣು ಉಗುರಿಗೆ ತಾಗುತ್ತದೆ. ಆ ಏಣು ಮೇಜಿನಿಂದ ಎಷ್ಟು ಎತ್ತರದಲ್ಲಿದೆಯೋ ಡಿಸ್ಕ್ ಅಷ್ಟು ಹೆಚ್ಚು ಓವರ್‌ಸ್ಟೇಬಲ್. ಎರಡು ಡಿಸ್ಕುಗಳನ್ನು ಪಕ್ಕಪಕ್ಕ ಇಟ್ಟು ಹೀಗೆ ಹೋಲಿಸಿ, ಏಣು ತುಸು ಕೆಳಗಿರುವುದನ್ನು ಆರಿಸಿಕೊಂಡರೆ ಹ್ಯೂರನ್ ದಡದವರ ಆಕ್ಷೇಪ ಅರ್ಧಕ್ಕರ್ಧ ಇಳಿಯುತ್ತದೆ.

ಪ್ಲಾಸ್ಟಿಕ್ಕಿನ ಬಗ್ಗೆ: ಇನ್ನೋವಾದ ಚಾಂಪಿಯನ್ ಪ್ಲಾಸ್ಟಿಕ್ ಗಟ್ಟಿ, ಸಾಮಾನ್ಯವಾಗಿ ಪಾರದರ್ಶಕ, ಹೊಸದರಲ್ಲಿ ಹೆಚ್ಚು ಓವರ್‌ಸ್ಟೇಬಲ್. ಮರಕ್ಕೆ ಎಷ್ಟು ಬಡಿದರೂ ಅದರ ಗುಣ ಬೇಗ ಬದಲಾಗದು. ಸ್ಟಾರ್ ಸ್ವಲ್ಪ ಮೃದು, ಹಿಡಿತ ಹೆಚ್ಚು, ಸವೆದಂತೆ ನಿಧಾನಕ್ಕೆ ನೇರವಾಗಿ ಹಾರತೊಡಗುತ್ತದೆ. ಚಳಿಯಲ್ಲಿ ಎಲ್ಲ ಪ್ಲಾಸ್ಟಿಕ್ಕೂ ಬಿಗಿಯಾಗುತ್ತದೆ. ಸೊನ್ನೆಗಿಂತ ಕೆಳಗಿನ ಉಷ್ಣಾಂಶದಲ್ಲಿ ಚಾಂಪಿಯನ್ ಡಿಸ್ಕ್ ಬೆರಳುಗಳಿಂದ ಗಾಜಿನ ತಟ್ಟೆಯಂತೆ ಜಾರುತ್ತದೆ. ಇಲ್ಲಿ ಚಳಿಗಾಲದಲ್ಲಿ ಹಿಮದೊಳಗೆ ಹೂತುಹೋದ ಡಿಸ್ಕ್ ಸಿಗಲೆಂದು ಅದರ ಕೆಳಗೆ ಉದ್ದನೆಯ ರಿಬ್ಬನ್ ಅಂಟಿಸಿ ಎಸೆಯುತ್ತಾರೆ, ಆ ಕಾಲಕ್ಕೆ ಜೀಸ್ಟಾರ್‌ನಂಥ ಮೆತ್ತನೆಯ ಪ್ಲಾಸ್ಟಿಕ್ ಮೇಲು. ಷಾರ್ಲಟ್‌ನ ಹವೆಗೆ ಸ್ಟಾರ್ ಸಾಕು.

ನೆರೆಯ ಸ್ವೀಡನ್ನಿನ ಲ್ಯಾಟಿಟ್ಯೂಡ್ 64 ತಯಾರಿಸುವ ರಿವರ್ ಎಂಬ ಡಿಸ್ಕನ್ನು ಸಹ ನಿಮಗೆ ಯಾರಾದರೂ ಸೂಚಿಸಬಹುದು. ಸ್ಪೀಡ್ 7, ಗ್ಲೈಡ್ 7. ಕಡಿಮೆ ಬಲಕ್ಕೆ ಬಹಳ ದೂರ ತೇಲುವ ಸೊಗಸಾದ ಡಿಸ್ಕ್ ಅದು. ಕಾಡಿಗೆ ನಾನು ಅದನ್ನು ಒಯ್ಯುವುದಿಲ್ಲ, ಏಕೆಂದರೆ 240 ಅಡಿಗೆ ನಿಲ್ಲಬೇಕಾದಾಗ ಅದು ನಿಲ್ಲುವುದಿಲ್ಲ. ಅಷ್ಟು ತೇಲುವ ಡಿಸ್ಕನ್ನು ಮೆಲ್ಲಗೆ ಎಸೆದು ಅಳತೆಗೆ ಇಳಿಸುವುದು ಪಳಗಿದ ಕೈಗೂ ಕಷ್ಟ. ಅಂಕಿಗಳನ್ನು ನೋಡುವಾಗ ಎಲ್ಲರೂ ಟರ್ನ್ ಮತ್ತು ಫೇಡ್ ಕಡೆಗೆ ಗಮನ ಕೊಡುತ್ತಾರೆ, ಗ್ಲೈಡ್ ಕಡೆಗೆ ಕೊಡುವುದಿಲ್ಲ.

ಉತ್ತರ: ಡೆನ್ವರ್ ಓದುಗ

ಒಂದು ಚಿಕ್ಕ ಸೇರ್ಪಡೆ. ಎಲ್ಲಿ ಆಡುವವರ ಅಭಿಪ್ರಾಯವನ್ನು ಓದುತ್ತಿದ್ದೀರಿ ಎಂಬುದನ್ನು ಗಮನಿಸಿ. ನಮ್ಮ ಡೆನ್ವರ್ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇಕಡ 15ರಷ್ಟು ಕಡಿಮೆ. ತೆಳುವಾದ ಗಾಳಿಯಲ್ಲಿ ಡಿಸ್ಕುಗಳ ಟರ್ನ್ ಕಡಿಮೆ, ಎತ್ತಿ ಹಿಡಿಯುವ ಗಾಳಿಯೂ ಕಡಿಮೆ. ಎಲ್ಲವೂ ಓವರ್‌ಸ್ಟೇಬಲ್ ಆದಂತೆ ಕಾಣುತ್ತವೆ. ಇಲ್ಲಿನ ಗೆಳೆಯರು ಲೆಪರ್ಡನ್ನು ಬಾಯ್ತುಂಬ ಹೊಗಳುವುದಕ್ಕೆ ಅದೂ ಒಂದು ಕಾರಣ. ನೀವು ರಜೆಗೆಂದು ಬೆಂಗಳೂರಿಗೆ ಹೋಗುವಾಗ ಡಿಸ್ಕ್ ಒಯ್ದರೆ, 900 ಮೀಟರಿಗಿಂತ ಎತ್ತರದ ಆ ಊರಿನ ಬಯಲಿನಲ್ಲೂ ಈ ವ್ಯತ್ಯಾಸವನ್ನು ಸ್ವಲ್ಪ ಮಟ್ಟಿಗೆ ಕಾಣುವಿರಿ.

ಷಾರ್ಲಟ್ ಕನ್ನಡತಿ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಓದಿಕೊಂಡು ಅಂಗಡಿಗೆ ಹೋಗಿದ್ದೆ. ಎಸ್ಪೋ ಕನ್ನಡಿಗರು ಹೇಳಿದಂತೆ ಸ್ಟಾರ್ ಟೀಬರ್ಡ್‌ಗಳನ್ನು ಮೇಜಿನ ಮೇಲೆ ಇಟ್ಟು ನೋಡಿದಾಗ ವ್ಯತ್ಯಾಸ ಬರಿಗಣ್ಣಿಗೇ ಕಂಡಿತು. ಒಂದರ ಬೆನ್ನು ಎಷ್ಟು ಉಬ್ಬಿತ್ತೆಂದರೆ ಫೋರ್‌ಹ್ಯಾಂಡಿನ ಹಿಡಿತದಲ್ಲಿ ನನ್ನ ಹೆಬ್ಬೆರಳು ನಿಲ್ಲಲೇ ಇಲ್ಲ. ಅಂಗಡಿಯವರು ಸೌಜನ್ಯದಿಂದ ಎರಡು ಬಳಸಿದ ಡಿಸ್ಕುಗಳನ್ನು, ಒಂದು ಟೀಬರ್ಡ್ ಮತ್ತು ಒಂದು ಲೆಪರ್ಡ್, ಪರೀಕ್ಷೆಗೆಂದು ಕೊಟ್ಟರು. ಅವನ್ನು ಶಾಲೆಯೊಂದರ ಖಾಲಿ ಮೈದಾನದಲ್ಲಿ ಎಸೆದು ನೋಡಿದೆ.

ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ಬ್ಯಾಕ್‌ಹ್ಯಾಂಡಿನಲ್ಲಿ ಲೆಪರ್ಡ್ ಸುಂದರವಾಗಿ ಹಾರಿತು, ಹೈಜರ್ ಕೋನದಿಂದ ಎದ್ದು ಸಮವಾಗುವ ಆ ಎಸೆತ ನನಗೂ ಬಂತು, 240 ಅಡಿಯ ಗುರುತನ್ನು ದಾಟಿತು. ಟೀಬರ್ಡ್ ಅದಕ್ಕಿಂತ ಸ್ವಲ್ಪ ಹಿಂದೆ, ಎಡಕ್ಕೆ ಇಳಿಯಿತು. ಆದರೆ ಲೆಪರ್ಡ್‌ಗಳು ಬಿದ್ದ ಜಾಗಗಳು ಎಡದಲ್ಲೂ ಬಲದಲ್ಲೂ ಹರಡಿಕೊಂಡಿದ್ದವು, ಟೀಬರ್ಡ್ ಬಿದ್ದ ಜಾಗಗಳೆಲ್ಲ ಗುರಿಯ ಎಡಕ್ಕೆ ಒಂದೇ ಕಡೆ ಒತ್ತಾಗಿದ್ದವು. ಫೋರ್‌ಹ್ಯಾಂಡಿನಲ್ಲಂತೂ ಹೋಲಿಕೆಯೇ ಇರಲಿಲ್ಲ. ಲೆಪರ್ಡ್ ಬಝ್‌ನಂತೆಯೇ ಮಗುಚಿತು. ಟೀಬರ್ಡ್ ಹೊರಡುವಾಗ ಅದುರಿದರೂ ನಡುದಾರಿಯಲ್ಲಿ ತಾನೇ ಸುಧಾರಿಸಿಕೊಂಡು 250 ಅಡಿಯವರೆಗೆ ನೇರವಾಗಿ ಹೋಗಿ ಬಲಕ್ಕೆ ಇಳಿಯಿತು.

ಆದ್ದರಿಂದ ಸ್ಟಾರ್ ಪ್ಲಾಸ್ಟಿಕ್ಕಿನ 167 ಗ್ರಾಂ ಟೀಬರ್ಡ್ ಒಂದನ್ನು, ಬೆನ್ನು ಚಪ್ಪಟೆಯಾಗಿ ಏಣು ತುಸು ಕೆಳಗಿರುವುದನ್ನು, ಆರಿಸಿಟ್ಟಿದ್ದೇನೆ. ಎರಡು ಸಂದೇಹ ಉಳಿದಿವೆ. ಹ್ಯೂರನ್ ದಡದವರು ಹೇಳಿದ ಮೂಗಿನ ದೋಷವನ್ನು ಟೀಬರ್ಡ್‌ನಲ್ಲೇ ಗುರುತಿಸುವ ಉಪಾಯವಿದೆಯೇ? ಬಣ್ಣ ಯಾವುದಾದರೇನು ಎಂದು ಸುಮ್ಮನಿರಬಹುದೇ?

ಉತ್ತರ: ಹ್ಯೂರನ್ ದಡದವನು

ನಿಮ್ಮ ಪರೀಕ್ಷೆಯ ಫಲವನ್ನು ನೋಡಿದ ಮೇಲೆ ನಿಮ್ಮ ಕೈಗೆ ಟೀಬರ್ಡೇ ಸರಿ ಎಂದು ಒಪ್ಪುತ್ತೇನೆ. ಮೂಗಿನ ದೋಷ ಹಿಡಿಯಲು ಡಿಸ್ಕಿನ ಎತ್ತರವನ್ನು ನೋಡಿ. ತಲೆಯೆತ್ತರದಲ್ಲಿ ಗುರಿಯಿಟ್ಟು ಬಿಟ್ಟ ಡಿಸ್ಕ್ ದಾರಿಯ ಕೊನೆಯರ್ಧದಲ್ಲಿ ಇನ್ನೂ ಏರುತ್ತಿದ್ದರೆ, ಆಮೇಲೆ ನಿಂತಂತಾಗಿ ಎಡಕ್ಕೆ ಬಿದ್ದರೆ ಮೂಗೆದ್ದಿತ್ತೆಂದೇ ಅರ್ಥ. ಸಹಜ ಫೇಡ್‌ನಲ್ಲಿ ಡಿಸ್ಕ್ ಇಳಿಯುತ್ತ ಬಾಗುತ್ತದೆ, ಮುಂದಕ್ಕೆ ಸಾಗುವುದನ್ನು ನಿಲ್ಲಿಸುವುದಿಲ್ಲ. ಜೊತೆಗಾರರೊಬ್ಬರನ್ನು ಪಕ್ಕದಲ್ಲಿ ದೂರ ನಿಲ್ಲಿಸಿ ಫೋನಿನಲ್ಲಿ ಚಿತ್ರೀಕರಿಸಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ. ಎಸೆದವರ ಬೆನ್ನ ಹಿಂದಿನಿಂದ ತೆಗೆದ ಚಿತ್ರದಲ್ಲಿ ಕಾಣುವುದಿಲ್ಲ.

ಉತ್ತರ: ಪೀಡ್‌ಮಾಂಟ್ ವಾಸಿ

ಬಣ್ಣದ ವಿಷಯದಲ್ಲಿ ಸುಮ್ಮನಿರಬೇಡಿ. ಹಸಿರನ್ನು ಬೇಸಿಗೆಯ ಪೊದೆಗಳು ನುಂಗುತ್ತವೆ, ಕೆಂಪು ಮತ್ತು ಕಿತ್ತಳೆಯನ್ನು ನಮ್ಮ ಕಡೆಯ ಕೆಮ್ಮಣ್ಣೂ ಅಕ್ಟೋಬರ್ ಕಳೆದ ಮೇಲೆ ಉದುರುವ ಎಲೆಗಳೂ ನುಂಗುತ್ತವೆ. ಗಾಢ ಗುಲಾಬಿಯದು ಇದ್ದರೆ ಅದನ್ನೇ ಕೇಳಿ, ಇಲ್ಲವಾದರೆ ತಿಳಿನೀಲಿ. ಕೊಂಡ ದಿನವೇ ಅಳಿಸದ ಮಾರ್ಕರ್ ಪೆನ್ನಿನಿಂದ ಕೆಳಭಾಗದಲ್ಲಿ ನಿಮ್ಮ ಹೆಸರನ್ನೂ ಫೋನ್ ಸಂಖ್ಯೆಯನ್ನೂ ಬರೆದುಬಿಡಿ. ಸಿಕ್ಕ ಡಿಸ್ಕನ್ನು ಕರೆ ಮಾಡಿ ಹಿಂದಿರುಗಿಸುವ ಒಳ್ಳೆಯ ಪದ್ಧತಿ ಈ ಆಟದಲ್ಲಿದೆ. ಚಪ್ಪಟೆ ಬೆನ್ನಿನ 167 ಗ್ರಾಂ ಟೀಬರ್ಡ್ ಎಲ್ಲ ಅಂಗಡಿಗಳಲ್ಲೂ ಸಿಗುವ ವಸ್ತುವಲ್ಲ, ಆರಿಸಿಟ್ಟದ್ದು ಬೇರೆಯವರ ಪಾಲಾಗುವ ಮುನ್ನ ಹೋಗಿ ತನ್ನಿ.